ಗಡಿಯಲ್ಲಿ ನಿಂತ ಹತ್ತು ಮಂದಿ



ಇಂದು ಓದಿದ ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ನಡೆಯುವುದು ಗಡಿಯ ದಾರಿಯಲ್ಲಿ. ಈಚೆ ಗಲಿಲೇಯ, ಆಚೆ ಸಮಾರಿಯ. ಕೇರಳದ ಗಡಿಗೆ ತಾಗಿದ ನಮ್ಮ ಆಲೆಟ್ಟಿಯವರಿಗೆ ಗಡಿ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಕೊರೋನಾ ಬಂತೆಂದು 2020ರ ಮಾರ್ಚಿನಲ್ಲಿ ಕಾಸರಗೋಡಿನ ದಾರಿಗಳಿಗೆ ಮಣ್ಣು ಸುರಿದರು. ಮರುವರ್ಷ ಫೆಬ್ರವರಿಯಲ್ಲಿ ಉಳಿದದ್ದು ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು ಎಂಬ ನಾಲ್ಕೇ ಬಾಗಿಲು. ಅಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ಚೀಟಿ ತೋರಿಸಬೇಕಿತ್ತು. ಆಚೆಯಿಂದ ಓದಲು ಬರುವ ಮಕ್ಕಳಿಗೂ ಕೊರೋನಾ ಪರೀಕ್ಷೆಯಿಂದ ಬಿಡುಗಡೆ ಇರಲಿಲ್ಲ.

ಶುಭಸಂದೇಶದ ಆ ಗಡಿಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರ ನಿಂತೇ ಸ್ವಾಮಿಯನ್ನು ಕೂಗಿದರು. ಹೋಗಿ ಯಾಜಕರಿಗೆ ಮೈ ತೋರಿಸಿ ಎಂದರು ಸ್ವಾಮಿ. ಯಾಜಕರಿಗೇ ಯಾಕೆ? ಯಾಜಕಕಾಂಡ ತೆರೆದು ನೋಡಿ. ಕಲೆಯ ಬಗ್ಗೆ ಸಂಶಯವಿದ್ದರೆ ಯಾಜಕನು ಆ ಮನುಷ್ಯನನ್ನು ಏಳು ದಿನ ಬೇರೆ ಇರಿಸಿ, ಏಳನೆಯ ದಿನ ಮತ್ತೆ ನೋಡಬೇಕು. ರೋಗ ವಾಸಿಯಾದಾಗ ಪಾಳೆಯದ ಹೊರಗೆ ನಡೆದು ಹೋಗಿ ಕಾಣಬೇಕಾದವನೂ ಯಾಜಕನೇ. ಬೇರೆ ಇರಿಸಿದವನ ಮೇಲೆಯೇ ಮರಳಿ ಕರೆತರುವ ಹೊಣೆ.

ನಮ್ಮಲ್ಲಿ ತಪ್ಪಿದ್ದು ಮರಳಿ ಕರೆತರುವ ಆ ಭೇಟಿ.

ಶಿಕ್ಷಕರು ಊರಿಗೇ ಬಂದು ಪಾಠ ಹೇಳುತ್ತಿದ್ದ ವಿದ್ಯಾಗಮ 2020ರ ಅಕ್ಟೋಬರಿನಲ್ಲಿ ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವಿನ ತಿಂಗಳುಗಳಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದರು. ಪಾಠ ಕೇಳುವ ಮಗಳಿಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ತಂದೆಯ ಚಿತ್ರ ನಮ್ಮ ಸುಳ್ಯ ತಾಲೂಕಿನದೇ. ಶಾಲೆ ತೆರೆದಾಗ ತಾಯಂದಿರು ಹೆದರಿದ್ದು ಸುಮ್ಮನೆ ಅಲ್ಲ, ಮನೆಯಲ್ಲಿ ದಮ್ಮಿನ ಅಜ್ಜಂದಿರು ಇದ್ದರು. ಆದರೆ ರೋಗಕ್ಕಿಂತ ಪರೀಕ್ಷೆಯ ಭಯವೇ ದೊಡ್ಡದಾದದ್ದನ್ನು ನಾನು ಕಂಡೆ. "ಮೂಗಿಗೆ ಕಡ್ಡಿ ಹಾಕಿಸಿದರೆ ಮನೆ ಸೀಲ್‌ಡೌನ್ ಮಾಡ್ತಾರೆ ಫಾದರ್, ಮತ್ತೆ ತೋಟಕ್ಕೆ ಯಾರು ಬರ್ತಾರೆ?" ಎಂದು ಕೇಳಿದ ತಾಯಿಯೊಬ್ಬರು ಜ್ವರದ ಮಗನಿಗೆ ಮಾತ್ರೆ ಕೊಟ್ಟು ತರಗತಿಗೆ ಕಳಿಸಿದರು. ಅದು ತಪ್ಪು, ಪಕ್ಕ ಕೂತ ಮಗುವಿಗೂ ಮನೆಯಿದೆ. ಆದರೆ ಆಕೆಯ ಭಯ ಬರೇ ಕಲ್ಪನೆಯಲ್ಲ ಎಂದು ನಾವೇ ತೋರಿಸಿಕೊಟ್ಟೆವು. ಕೊನೆಗೆ ಹುಡುಗನ ವರದಿ ಪಾಸಿಟಿವ್ ಬಂದ ಮೇಲೆ ಆ ಮನೆಯ ಗೇಟಿನ ಮುಂದೆ ನಾನೂ ಸ್ಕೂಟರ್ ನಿಧಾನ ಮಾಡದೆ ಹೋದೆ. ಹದಿನಾಲ್ಕು ದಿನ ಕಳೆದ ಮೇಲೂ ಹೋಗಿ ಮಾತಾಡಿಸಲಿಲ್ಲ.

ಇನ್ನೊಂದು ಜ್ವರಕಾಲ ಬಂದರೆ ಮಕ್ಕಳನ್ನು ಮನೆಯಲ್ಲಿ ಇರಿಸಿ, ಪರೀಕ್ಷೆ ಮಾಡಿಸಿ, ಶಾಲೆಗೆ ತಿಳಿಸಿ. ಅಕ್ಕಿ, ಔಷಧಿ ನಿಮ್ಮ ಗೇಟಿಗೆ ತಲುಪಿಸುವುದು ಈ ಸಭೆಯ ಕೆಲಸ. ಪ್ರತ್ಯೇಕ ಇರುವ ದಿನಗಳು ಮುಗಿದ ಬೆಳಿಗ್ಗೆ ಮೊದಲು ಅಂಗಳಕ್ಕೆ ಬರುವವನು ನಾನು.

ಕಳೆದ ವಾರ ಆ ಮನೆಗೆ ಹೋಗಿ ತಾಯಿಯ ಕ್ಷಮೆ ಕೇಳಿದೆ. ಆಕೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಚಾ ತಂದಿಟ್ಟರು.