ರಥಬೀದಿಯ ಧರ್ಮ

ಸ್ವಂತ ನೆಲದಲ್ಲಿ ಸ್ವಂತ ಹಣದಿಂದ ಮನೆ ಕಟ್ಟುವವನಿಗೆ, ಅದು ಇಷ್ಟೇ ಎತ್ತರವಿರಲಿ, ಅದರ ಮುಂಗೋಡೆ ಹೀಗೆಯೇ ಇರಲಿ ಎಂದು ಹೇಳುವ ಅಧಿಕಾರವು ಊರಿಗೆ ಉಂಟೇ? ದೇವಾಲಯದ ಸುತ್ತಣ ಹಳೆಯ ಬೀದಿಗಳಲ್ಲಿ ಈ ಪ್ರಶ್ನೆಯು ಮೇಲಿಂದ ಮೇಲೆ ಏಳುವುದುಂಟು. ಇದು ಕಾನೂನಿನ ಪ್ರಶ್ನೆಯಂತೆ ತೋರಿದರೂ ವಿಚಾರಿಸಿ ನೋಡಿದರೆ ಧರ್ಮದ ಪ್ರಶ್ನೆಯೇ ಆಗಿದೆ.

ಕ್ರಯಪತ್ರದಲ್ಲಿ ನಾಲ್ಕು ದಿಕ್ಕಿನ ಚೆಕ್ಕುಬಂದಿಯನ್ನು ಬರೆದಿರುತ್ತಾರೆ. ನೆಲದ ಉದ್ದ ಅಗಲಗಳು ಅದರಲ್ಲಿ ಅಡಕವಾಗಿರುತ್ತವೆ. ಆದರೆ ಬೆಳಗ್ಗೆ ಎದ್ದು ಬಾಗಿಲು ತೆರೆದವನಿಗೆ ಗೋಪುರದ ಕಲಶವು ಕಾಣುವ ಭಾಗ್ಯಕ್ಕೆ ಸರ್ವೆ ನಂಬರಿಲ್ಲ, ಕಂದಾಯವೂ ಇಲ್ಲ. ಯಾರ ಖಾತೆಯಲ್ಲಿಯೂ ಇಲ್ಲದುದರಿಂದಲೇ ಅದು ಎಲ್ಲರ ಸೊತ್ತು. ಅದೇ ಕಾರಣದಿಂದ ಅದನ್ನು ಕಳೆದುಕೊಳ್ಳುವುದೂ ಸುಲಭ. ಮನೆಯ ಒಳಗು ಮನೆಯವನದು. ಹೊರಗು ಬೀದಿಯಲ್ಲಿ ನಡೆಯುವವರೆಲ್ಲರದು. ರಥಬೀದಿಗೆ ಸೂರು ಚಾಚಿದರೆ ತೇರು ನಿಲ್ಲುವುದೆಂಬ ಅರಿವೇ ಹಿರಿಯರಿಗೆ ಸಾಕಾದ ಶಾಸನವಾಗಿತ್ತು.

ಅರಿವು ಕುಂದಿದಲ್ಲಿ ಬರಹದ ಶಾಸನವು ಬೇಕಾಗುತ್ತದೆ. ಮಧುರೆಯಲ್ಲಿ ಮೀನಾಕ್ಷೀ ಸುಂದರೇಶ್ವರರ ದೇವಾಲಯವನ್ನು ನಡುವಿಟ್ಟುಕೊಂಡು ಚಿತ್ತಿರೈ, ಆವಣಿ ಮೂಲ, ಮಾಸಿ ಎಂಬ ತಿಂಗಳ ಹೆಸರಿನ ಬೀದಿಗಳು ಒಂದರ ಹೊರಗೊಂದು ಚೌಕವಾಗಿ ಸುತ್ತುವರಿದಿವೆ. ಅಲ್ಲಿಯ ದಕ್ಷಿಣ ಗೋಪುರವು ಸುಮಾರು 170 ಅಡಿ ಎತ್ತರವಾದುದು. ಪೇಟೆಯ ಮಹಡಿಗಳು ಗೋಪುರವನ್ನು ಮರೆಮಾಡದಿರಲೆಂದು, 1997ರಲ್ಲಿ ತಮಿಳುನಾಡು ಸರ್ಕಾರವು ದೇವಾಲಯದ ಸುತ್ತ ಒಂದು ಕಿಲೋಮೀಟರಿನೊಳಗೆ 9 ಮೀಟರು, ಎಂದರೆ ಸುಮಾರು 30 ಅಡಿ, ಮೀರಿದ ಕಟ್ಟಡವು ಕೂಡದೆಂದು ಆಜ್ಞೆ ಹೊರಡಿಸಿತು. ಮೀರಿದವರೂ ಇಲ್ಲದಿಲ್ಲ, ಆ ವ್ಯಾಜ್ಯವು ಮದರಾಸು ಹೈಕೋರ್ಟಿನ ಮಧುರೆ ಪೀಠದವರೆಗೂ ಹೋಯಿತು.

ಇಷ್ಟಕ್ಕೆ ವಿಚಾರವು ಮುಗಿಯಲಿಲ್ಲ. ಇಂತಹ ಬೀದಿಗಳಲ್ಲಿ ಲಾಭಕ್ಕಾಗಿ ಮಹಡಿಯ ಮೇಲೆ ಮಹಡಿ ಏರಿಸುವ ಧನಿಕರು ಮಾತ್ರವೇ ಇರುವುದಿಲ್ಲ. ಎರಡು ಅಂಕಣದ ಮನೆಯಲ್ಲಿ ಮಕ್ಕಳನ್ನು ಸಾಕಿ, ಹಿರಿಯ ಮಗನ ಮದುವೆಗೆ ಮುನ್ನ ಮೇಲೊಂದು ಕೋಣೆಯನ್ನು ಬಯಸುವ ತಾಯಿಯೂ ಅಲ್ಲಿರುತ್ತಾಳೆ. ತೇರಿನ ದಿನ ಬಂದು ಹೋಗುವವನ ಕಣ್ಣಿನ ಸುಖಕ್ಕಾಗಿ, ವರ್ಷವಿಡೀ ಅಲ್ಲಿಯೇ ಬಾಳುವವಳು ಇಕ್ಕಟ್ಟಿನಲ್ಲಿರಬೇಕೆ? ಈ ಮಾತಿಗೆ ಉತ್ತರ ಕೊಡದ ನಿಯಮವು ನಿಯಮವಾದೀತೇ ಹೊರತು ಧರ್ಮವಾಗಲಾರದು.

ದೂರದ ಅಮೆರಿಕೆಯಲ್ಲಿ ಇದೇ ಆಕ್ಷೇಪವನ್ನು ಒಂದು ದೊಡ್ಡ ರೈಲ್ವೆ ಕಂಪನಿಯು ಎತ್ತಿತು. ನ್ಯೂಯಾರ್ಕಿನಲ್ಲಿ ಪೆನ್ಸಿಲ್ವೇನಿಯಾ ಸ್ಟೇಷನ್ ಎಂಬ ಭವ್ಯವಾದ ನಿಲ್ದಾಣವನ್ನು 1963ರಲ್ಲಿ ಕೆಡವತೊಡಗಿದಾಗ ಜನರು ಮರುಗಿದರು. 1965ರಲ್ಲಿ ಹಳೆಯ ಕಟ್ಟಡಗಳನ್ನು ಕಾಯುವ ಶಾಸನವು ಹುಟ್ಟಿತು. 1913ರಲ್ಲಿ ತೆರೆದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣವೂ ಅದರ ರಕ್ಷಣೆಗೆ ಸೇರಿತು. ಅದರ ನೆತ್ತಿಯ ಮೇಲೆ 50 ಅಂತಸ್ತಿಗೂ ಮಿಕ್ಕ ಕಟ್ಟಡವನ್ನು ಕಂಪನಿಯು ಬಯಸಿತು; ನಗರವು ಒಪ್ಪಲಿಲ್ಲ. 1978ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ನಗರದ ಪರವಾಗಿ ತೀರ್ಪಿತ್ತಿತು. ಆದರೆ ನಗರವು ಬರಿದೆ ಬೇಡವೆಂದಿರಲಿಲ್ಲ. ಅಲ್ಲಿ ಕಟ್ಟಲಾಗದ ಎತ್ತರದ ಹಕ್ಕನ್ನು ಸಮೀಪದ ಬೇರೆ ನಿವೇಶನಗಳಿಗೆ ವರ್ಗಾಯಿಸಲು ಅವಕಾಶವಿತ್ತು. ನ್ಯಾಯಾಲಯವು ಇದನ್ನೂ ಗಣನೆಗೆ ತೆಗೆದುಕೊಂಡಿತು.

ಜಮೆಯಿದ್ದಲ್ಲಿ ಖರ್ಚೂ ಇರಲೇಬೇಕು. ಗೋಪುರದ ದರ್ಶನವನ್ನು ಊರು ತನ್ನ ಜಮೆಗೆ ಬರೆದುಕೊಂಡರೆ, ಅದಕ್ಕಾಗಿ ಒಬ್ಬ ಗೃಹಸ್ಥನು ಬಿಟ್ಟುಕೊಟ್ಟುದನ್ನು ಊರಿನ ಖರ್ಚಿಗೆ ಬರೆಯಬೇಕು. ಅವನ ಮನೆಗಂದಾಯದಲ್ಲಿ ಕೊಂಚ ರಿಯಾಯಿತಿ, ಹಳೆಯ ಹೆಂಚಿನ ಮಾಡಿನ ದುರಸ್ತಿಗೆ ನೆರವು, ಬೆಳೆದ ಸಂಸಾರಕ್ಕೆ ಬೇರೆಡೆ ಒಂದು ನಿವೇಶನ, ಇವು ಭಿಕ್ಷೆಯಲ್ಲ; ತೀರಿಸಬೇಕಾದ ಋಣ. ಧನಿಕನ ಐದನೆಯ ಮಹಡಿಗೆ ಕಣ್ಣು ಮುಚ್ಚಿ, ಬಡವನ ಒಂದು ಕೋಣೆಗೆ ನೋಟೀಸು ಅಂಟಿಸುವ ಊರಿನಲ್ಲಿ ಗೋಪುರವು ಕಂಡರೂ ದೇವರು ಕಾಣನು.

ನಿಯಮವು ಮೊದಲು ಅನ್ವಯಿಸಬೇಕಾದುದು ದೇವಸ್ಥಾನಕ್ಕೇ. ಬಾಡಿಗೆಯ ಆಸೆಯಿಂದ ಪ್ರಾಕಾರಕ್ಕೆ ಅಂಗಡಿಗಳ ಸಾಲನ್ನು ಒತ್ತಿಸಿ, ದಾನಿಗಳ ಹೆಸರಿಗಾಗಿ ಗೋಪುರಕ್ಕೆ ಅಡ್ಡಲಾಗಿ ಸಿಮೆಂಟಿನ ಕಮಾನನ್ನು ಎತ್ತಿದ ಧರ್ಮದರ್ಶಿಗಳು, ಎದುರು ಮನೆಯವನಿಗೆ ಬುದ್ಧಿ ಹೇಳುವುದು ಹೇಗೆ? ಜೀರ್ಣೋದ್ಧಾರವೆಂದರೆ ಶಿಥಿಲವಾದ ಕಲ್ಲನ್ನು ಎತ್ತಿ ನಿಲ್ಲಿಸುವುದಷ್ಟೇ ಅಲ್ಲ. ದೇವರಿಗೂ ಬೀದಿಗೂ ನಡುವೆ ಇದ್ದ ಹಳೆಯ ನಂಟನ್ನು ಎತ್ತಿ ನಿಲ್ಲಿಸುವುದೂ ಹೌದು.

ತೇರನ್ನು ಒಬ್ಬನೇ ಎಳೆಯಲಾರನು. ಹಗ್ಗ ಹಿಡಿದ ಪ್ರತಿಯೊಬ್ಬನೂ ತನ್ನ ಪಾಲಿನ ಭಾರವನ್ನು ಹೊತ್ತಾಗಲೇ ಅದು ನೆಲೆ ಸೇರುತ್ತದೆ. ಬೀದಿಯ ಚೆಲುವಿಗೂ ಈ ಮಾತು ಸಲ್ಲುತ್ತದೆ. ಭಾರವನ್ನು ಹಂಚಿಕೊಳ್ಳುವ ಸದ್ಬುದ್ಧಿಯನ್ನು ಭಗವಂತನು ಸರ್ವರಿಗೂ ಕರುಣಿಸಲಿ.