ಕತ್ತಲೆಯಲ್ಲಿ ಚಾಚಿದ ಕೈ

ಯಾರೂ ನೋಡದಿರುವಾಗ ಮಾಡಿದ ಅತಿ ಸಣ್ಣ ತಪ್ಪಿಗೆ ತೂಕವೆಷ್ಟು? ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ಈ ಪ್ರಶ್ನೆಯನ್ನು ನಾವು ಬಹು ಸುಲಭವಾಗಿ ಬಿಡಿಸಿದ್ದೆವು. ಅದು ನಿಜವಾಗಿ ನನ್ನೆದುರು ಬಂದು ನಿಂತದ್ದು ನೆಲದಡಿ ಸುಮಾರು 250 ಮೀಟರ್ ಆಳದಲ್ಲಿ.

ಕೆಲವು ವರ್ಷಗಳ ಹಿಂದೆ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದ್ದಾಗ, ಮಂಗಳೂರು ಮೂಲದ ಕುಟುಂಬವೊಂದು ಶನಿವಾರ ನಸುಕಿನಲ್ಲೇ ನನ್ನನ್ನು ಎಲ್ ಪಾಸೊ ನಗರದಿಂದ ಕಾರಿನಲ್ಲಿ ಕರೆದೊಯ್ದಿತು. ಚಿಹುವಾಹುವ ಮರುಭೂಮಿಯ ನೇರ ರಸ್ತೆ. ಗ್ವಾಡಲೂಪೆ ಬೆಟ್ಟಗಳು ಗೋಡೆಯಂತೆ ಎದುರಾದವು. 2,667 ಮೀಟರ್ ಎತ್ತರದ ಅವುಗಳ ಶಿಖರವೇ ಟೆಕ್ಸಾಸಿನಲ್ಲಿ ಅತ್ಯುನ್ನತ. ಇಂದು ಒಣಗಿ ನಿಂತಿರುವ ಆ ಬೆಟ್ಟಸಾಲು ಸುಮಾರು 26 ಕೋಟಿ ವರ್ಷಗಳ ಹಿಂದೆ ಕಡಲೊಳಗೆ ಸ್ಪಂಜುಗಳೂ ಪಾಚಿಗಳೂ ಕಟ್ಟಿದ ದಿಬ್ಬವಾಗಿತ್ತು!

ಅದೇ ಸುಣ್ಣಕಲ್ಲಿನ ಸಾಲು ನ್ಯೂ ಮೆಕ್ಸಿಕೋ ರಾಜ್ಯದೊಳಕ್ಕೆ ಸಾಗಿ ಕಾರ್ಲ್ಸ್‌ಬಾಡ್ ಗುಹೆಗಳನ್ನು ತನ್ನ ಒಡಲಲ್ಲಿ ಇರಿಸಿಕೊಂಡಿದೆ. ಬಹುತೇಕ ಸುಣ್ಣಕಲ್ಲಿನ ಗುಹೆಗಳನ್ನು ಕೊರೆದದ್ದು ಮಳೆನೀರು. ಇಲ್ಲಿ ಕೊರೆದದ್ದು ಗಂಧಕಾಮ್ಲ. ಕೆಳಗಿನ ತೈಲ ನಿಕ್ಷೇಪಗಳಿಂದ ಮೇಲೆದ್ದ ಅನಿಲವು ಅಂತರ್ಜಲದಲ್ಲಿದ್ದ ಆಮ್ಲಜನಕದೊಡನೆ ಕೂಡಿ ಆಮ್ಲವಾಗಿ, ಕಲ್ಲನ್ನು ಕರಗಿಸಿತು. ಆ ಬಳಿಕ ಮೇಲಿನಿಂದ ತೊಟ್ಟಿಕ್ಕಿದ ನೀರು ಹನಿಹನಿಯಾಗಿ ಸುಣ್ಣವನ್ನಿಟ್ಟು ಕಂಬಗಳನ್ನೂ ತೆರೆಗಳನ್ನೂ ಕಟ್ಟಿತು.

“ಯಾವುದನ್ನೂ ಮುಟ್ಟಬೇಡಿ. ಕೈಯ ಎಣ್ಣೆಯಂಶ ತಗುಲಿದಲ್ಲಿ ಸುಣ್ಣ ಕೂರುವುದಿಲ್ಲ, ಬಣ್ಣವೂ ಕೆಡುತ್ತದೆ,” ಎಂದು ಮಾರ್ಗದರ್ಶಕಿ ಎಚ್ಚರಿಸಿದ್ದರು. ಅನಂತರ ಎಲ್ಲರನ್ನೂ ಕೂರಿಸಿ ದೀಪ ಆರಿಸಿದರು. ಕಣ್ಣೆದುರು ಹಿಡಿದ ಕೈಯೂ ಕಾಣದಂಥ ಕತ್ತಲೆ. ಆ ಕತ್ತಲೆಯಲ್ಲಿ ನಾನು ಪಕ್ಕದ ಕಲ್ಲನ್ನು ಮುಟ್ಟಿದೆ. ಏಕೆಂದು ಇಂದಿಗೂ ಹೇಳಲಾರೆ.

ಪ್ಲೇಟೋನ ‘ರಿಪಬ್ಲಿಕ್’ ಗ್ರಂಥದಲ್ಲಿ ಒಂದು ಕಥೆ ಬರುತ್ತದೆ. ಕುರುಬನೊಬ್ಬ ಬಿರಿದ ನೆಲದೊಳಕ್ಕೆ ಇಳಿದು (ಅವನೂ ನೆಲದಡಿಗೆ ಇಳಿದವನೇ!) ತನ್ನನ್ನು ಅದೃಶ್ಯನಾಗಿಸಬಲ್ಲ ಉಂಗುರವನ್ನು ಪಡೆಯುತ್ತಾನೆ, ಕೊನೆಗೆ ಅರಸನನ್ನೇ ಕೊಂದು ರಾಜ್ಯವಾಳುತ್ತಾನೆ. ಅಲ್ಲಿ ನೊಂದವರಿದ್ದರು. ನನ್ನ ಸ್ಪರ್ಶದಿಂದ ನೊಂದವರು ಯಾರು? “ಯಾರಿಗೂ ಕೇಡು ಮಾಡಿಲ್ಲ, ಫಾದರ್,” ಎಂಬ ಮಾತನ್ನು ಇಷ್ಟು ವರ್ಷ ಇತರರಿಂದ ಕೇಳಿದ್ದೆ. ಅಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಂದು ಬೆರಳಿನಿಂದ ಗುಹೆ ಕೆಡದು ಎಂಬುದು ನಿಜ. ಅಲ್ಲಿಗೆ ವರ್ಷವೂ ಬರುವ ಲಕ್ಷಾಂತರ ಜನರಲ್ಲಿ ಪ್ರತಿಯೊಬ್ಬರಿಗೂ ಅದು ಅಷ್ಟೇ ನಿಜ. 2024ರಲ್ಲಿ ಯಾರೋ ಅಲ್ಲಿ ಬೀಳಿಸಿ ಹೋದ ಒಂದು ಚೀಟೋಸ್ ಪೊಟ್ಟಣದ ತಿನಿಸು ಗುಹೆಯ ತೇವಕ್ಕೆ ಮೆತ್ತಗಾಗಿ, ಹುಳುಹುಪ್ಪಟೆಗಳನ್ನು ಸೆಳೆಯಿತು. ಸುತ್ತಲಿನ ಕಲ್ಲಿಗೂ ಬೂಷ್ಟು ಹರಡಿ, ಸಿಬ್ಬಂದಿ ಅದನ್ನು ಜೋಪಾನವಾಗಿ ತೆಗೆಯಬೇಕಾಯಿತು. ಬೀಳಿಸಿದವರಿಗೆ ಅದರ ನೆನಪೂ ಇರಲಿಕ್ಕಿಲ್ಲ. ಕಲ್ಲಿನ ಬಳಿ ಕ್ಷಮೆ ಕೇಳಲಾಗದು. ಇನ್ನೂ ಹುಟ್ಟದವರ ಬಳಿಯೂ ಕೇಳಲಾಗದು. ಆ ತಪ್ಪಿನ ಅತಿ ಕಷ್ಟದ ಭಾಗ ನನಗೆ ಇದೇ ಎನಿಸುತ್ತದೆ.

ಹಿಂದಿರುಗುವಾಗ ಕಾರಿನಲ್ಲಿ ಪಕ್ಕದಲ್ಲಿದ್ದ ಆ ಮನೆಯ ಒಂಬತ್ತು ವರ್ಷದ ಹುಡುಗ ನನ್ನ ಕಿವಿಯ ಬಳಿ ಬಾಗಿದ.

“ಫಾದರ್, ನೀವೂ ಮುಟ್ಟಿದಿರಾ?”

“ಮುಟ್ಟಿದೆ,” ಎಂದೆ.

ಅವನು ತನ್ನ ಅಂಗೈಯನ್ನು ಮೆಲ್ಲನೆ ಪ್ಯಾಂಟಿಗೆ ಒರೆಸಿಕೊಂಡ.