ದೈವವೋ, ಅಲಕ್ಷ್ಯವೋ?

ಕಷ್ಟವೊದಗಿದಾಗ ನಮ್ಮವರ ಬಾಯಿಂದ ಮೊದಲು ಹೊರಡುವ ಮಾತು ‘ದೈವಸಂಕಲ್ಪ’ ಎಂಬುದು. ಈ ಮಾತು ಸುಳ್ಳಲ್ಲ. ಆದರೆ ಸತ್ಯವಾದ ಮಾತೂ ಸಲ್ಲದ ಸ್ಥಳದಲ್ಲಿ ಬಳಕೆಯಾದರೆ ದೋಷವನ್ನು ಮುಚ್ಚುವ ಹೊದಿಕೆಯಾಗಬಲ್ಲದು. ಕಳೆದ ಬೇಸಗೆಯಲ್ಲಿ ನಮಗೇ ಒದಗಿದ ಒಂದು ಅನುಭವದಿಂದ ಈ ವಿಷಯವನ್ನು ವಿಚಾರಿಸಬೇಕಾಗಿ ಬಂದಿತು. ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ತಮ್ಮನು ಉದ್ಯೋಗನಿಮಿತ್ತ ಇಂಗ್ಲೆಂಡ್ ದೇಶದ ನ್ಯೂಕ್ಯಾಸಲ್ ನಗರದಲ್ಲಿ ಸಂಸಾರಸಮೇತನಾಗಿ ವಾಸವಾಗಿದ್ದಾನೆ. ಅವನ ಆಹ್ವಾನದ ಮೇರೆಗೆ ಮಾತೃಶ್ರೀಯವರೊಡನೆ ನಾವು ಅಲ್ಲಿಗೆ ಹೋಗಿದ್ದೆವು. ಒಂದು ದಿನ ಅವನ ಮಕ್ಕಳಿಬ್ಬರನ್ನೂ ಕೂಡಿಕೊಂಡು, ಬುತ್ತಿ ಕಟ್ಟಿಕೊಂಡು, ಸುಮಾರು 100 ಕಿಲೋಮೀಟರ್ ಉತ್ತರಕ್ಕಿರುವ ಲಿಂಡಿಸ್‌ಫಾರ್ನ್ ದ್ವೀಪವನ್ನು ನೋಡಲು ಹೊರಟೆವು. ಕ್ರಿ. ಶ. 635ರಲ್ಲಿ ಏಡನ್ ಎಂಬ ಕ್ರೈಸ್ತ ಯತಿಯು ಅಲ್ಲೊಂದು ಮಠವನ್ನು ಸ್ಥಾಪಿಸಿದನು. 793ರಲ್ಲಿ ಕಡಲ ದಾಳಿಕಾರರಾದ ವೈಕಿಂಗರು ಅದನ್ನು ಕೊಳ್ಳೆಹೊಡೆದರು. ಈಗ ಕಾಣುವುದು ಮುಂದಿನ ಶತಮಾನಗಳಲ್ಲಿ ಎದ್ದ ಮಠದ ಕೆಂಗಲ್ಲಿನ ಅವಶೇಷ, ಬಂಡೆಯ ಮೇಲಿನ ಕೋಟೆ, ಮತ್ತು ಹಳೆಯ ಮೀನುದೋಣಿಗಳನ್ನು ಬೋರಲು ಹಾಕಿ ಮಾಡಿದ ಕೊಠಡಿಗಳು.

ಆ ದ್ವೀಪಕ್ಕೆ ಹೋಗುವ ದಾರಿಯೇ ವಿಚಿತ್ರವಾದುದು. ಸಮುದ್ರವು ಇಳಿದಾಗ ಮರಳಿನ ನಡುವೆ 1954ರಲ್ಲಿ ಮಾಡಿದ ರಸ್ತೆಯಲ್ಲಿ ವಾಹನಗಳು ಹೋಗಿಬರುತ್ತವೆ. ಉಬ್ಬರವೇರಿದಾಗ, ದಿನಕ್ಕೆರಡು ಸಲ, ಆ ರಸ್ತೆ ನೀರಿನಡಿ ಸೇರುತ್ತದೆ. ದಾಟಬಹುದಾದ ವೇಳೆಯನ್ನು ಮೊದಲೇ ಗಣಿತಮಾಡಿ ಪ್ರಕಟಿಸಿರುತ್ತಾರೆ. ರಸ್ತೆಯ ಮೊದಲಲ್ಲಿ ಎಚ್ಚರಿಕೆಯ ಫಲಕವೂ ಇದೆ. ಅಂದು ಹಿಂದಿರುಗಲು ಕೊನೆಯ ವೇಳೆ ಸಂಜೆ 4 ಗಂಟೆ 20 ನಿಮಿಷ ಎಂದಿತ್ತು.

ನಾಲ್ಕು ಗಂಟೆಗೆ ಸರಿಯಾಗಿ ತಮ್ಮನು, “ಅಣ್ಣ, ಹೊರಡೋಣ” ಎಂದನು. ನಾವಾದರೋ ಭಗ್ನವಾದ ಕಮಾನುಗಳನ್ನು ಇನ್ನೊಮ್ಮೆ ನೋಡುವ ಆಸೆಯಿಂದ, “ಸ್ವಲ್ಪ ಇರು, ಅರ್ಧ ಗಂಟೆಗೆ ಸಮುದ್ರವೇನು ಓಡಿಬರುವುದಿಲ್ಲ” ಎಂದೆವು. ಅವನು ಮತ್ತೆ ಮಾತನಾಡಲಿಲ್ಲ. ರಸ್ತೆಯ ತಗ್ಗಿಗೆ ಬಂದಾಗ ಐದು ಗಂಟೆ. ತೆಳ್ಳಗೆ ಹರಡಿದ್ದ ನೀರನ್ನು ಕಂಡು ಅವನು ವಾಹನ ನಿಲ್ಲಿಸಿದನು. “ರಸ್ತೆ ಕಾಣುತ್ತಿದೆಯಲ್ಲ, ಹೋಗು” ಎಂದವರೂ ನಾವೇ. ಸೇತುವೆಯ ಸಮೀಪದಲ್ಲಿ ಯಂತ್ರವು ನಿಂತುಹೋಯಿತು. ನೀರು ಬಾಗಿಲ ಸಂದಿನಿಂದ ಒಳಕ್ಕೆ ಬಂದಿತು.

ಇಂಥವರಿಗಾಗಿಯೇ ಅಲ್ಲಿ ಎತ್ತರವಾದ ಕಂಬಗಳ ಮೇಲೆ ಮರದ ಆಶ್ರಯಗೃಹವೊಂದನ್ನು ಕಟ್ಟಿದ್ದಾರೆ. ಮೊಣಕಾಲುದ್ದದ ತಣ್ಣೀರಿನಲ್ಲಿ ಮಕ್ಕಳನ್ನು ಹೆಗಲಿಗೇರಿಸಿಕೊಂಡು, ಮಾತೃಶ್ರೀಯವರ ಕೈಹಿಡಿದು ಮೆಟ್ಟಿಲೇರಿದೆವು. ಕೆಳಗೆ ವಾಹನವು ಸ್ವಲ್ಪಸ್ವಲ್ಪವಾಗಿ ಮುಳುಗುವುದನ್ನು ಐವರೂ ನೋಡಿದೆವು. ಆ ಹೊತ್ತಿನಲ್ಲಿ ನಾವು ತಮ್ಮನ ಭುಜದ ಮೇಲೆ ಕೈಯಿಟ್ಟು, “ಎಲ್ಲವೂ ದೈವಸಂಕಲ್ಪ, ವ್ಯಥೆಪಡಬೇಡ” ಎಂದೆವು. ಅವನು ನೀರಿನ ಕಡೆಗೇ ನೋಡುತ್ತಿದ್ದನು. ಒಂದು ಗಂಟೆಯ ಮೇಲೆ ರಕ್ಷಣಾದೋಣಿ ಬಂದಿತು. ಆ ದೇಶದಲ್ಲಿ ಈ ಸೇವೆಯನ್ನು 1824ರಲ್ಲಿ ಮೊದಲಾದ ಧರ್ಮಸಂಸ್ಥೆಯೊಂದು ದಾನದ ಹಣದಿಂದ ನಡೆಸುತ್ತಿದೆ. ದೋಣಿಗೆ ಬರುವವರಲ್ಲಿ ಬಹುಮಂದಿ ಸ್ವಯಂಸೇವಕರು. ಬಂದವರು ನಮ್ಮನ್ನು ಗದರಿಸಲಿಲ್ಲ. ಮಕ್ಕಳಿಗೆ ಕಂಬಳಿ ಹೊದಿಸಿದರು.

ಊರಿಗೆ ಮರಳಿದ ಮೇಲೆ ಈ ವೃತ್ತಾಂತವನ್ನು ತೀರ್ಥರೂಪರಿಗೆ ಅರಿಕೆಮಾಡಿ, ‘ಅನಿರೀಕ್ಷಿತವಾದ ಅಪಘಾತ’ ಎಂದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: “ವೇಳೆಯನ್ನು ಬರೆದಿದ್ದರಷ್ಟೆ?” “ಬರೆದಿದ್ದರು” ಎಂದೆವು. “ಹಾಗಾದರೆ ಅನಿರೀಕ್ಷಿತ ಹೇಗಾಯಿತು?” ಎಂದು ಹೇಳಿ ಅವರು ಸಂಧ್ಯಾವಂದನೆಗೆ ಎದ್ದರು.

ಉತ್ತರ ಹೊಳೆಯಲಿಲ್ಲ. ಏಕಾದಶಿಯ ಮರುದಿನ ಪಾರಣೆಯ ಕಾಲವನ್ನು ಪಂಚಾಂಗದಲ್ಲಿ ಗಳಿಗೆಗಳ ಲೆಕ್ಕದಿಂದ ನೋಡುವ ಮನೆತನ ನಮ್ಮದು. ಉಬ್ಬರವಿಳಿತಕ್ಕೂ ಮುಖ್ಯ ಕಾರಣನು ಅದೇ ಚಂದ್ರನೇ. ಆ ಫಲಕವು ಸಮುದ್ರದ ಪಂಚಾಂಗವಾಗಿತ್ತು. ಒಂದನ್ನು ನಂಬಿ ಇನ್ನೊಂದನ್ನು ಹಗುರವಾಗಿ ಕಂಡೆವು.

ವಿಚಾರಿಸಿದರೆ ಆಪತ್ತುಗಳು ಮೂರು ಬಗೆ. ಯಾರಿಗೂ ತಿಳಿಯಲಾಗದಂಥವು ಮೊದಲನೆಯವು. ತಿಳಿಯಬಹುದಾಗಿದ್ದೂ ತಿಳಿಯದೆ ಹೋದವು ಎರಡನೆಯವು. ತಿಳಿದೂ ತಳ್ಳಿಹಾಕಿದ್ದರಿಂದ ಬಂದವು ಮೂರನೆಯವು. ನಮ್ಮದು ಮೂರನೆಯದು. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕರ್ಮಕ್ಕೆ ಐದು ಕಾರಣಗಳನ್ನು ಹೇಳಿದೆ. ದೈವವು ಅವುಗಳಲ್ಲಿ ಐದನೆಯದು, ಕರ್ತೃವೂ ಆ ಎಣಿಕೆಯಲ್ಲಿದ್ದಾನೆ. ಐದನೆಯದನ್ನು ಹಿಡಿದು ಉಳಿದ ನಾಲ್ಕನ್ನು ಬಿಡುವುದು ಭಕ್ತಿಯಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಷ್ಟಕ್ಕೆಲ್ಲ ಮನುಷ್ಯನ ದೋಷವೇ ಕಾರಣವೆಂದರೆ, ರೋಗಿಗೂ ಮಕ್ಕಳನ್ನು ಕಳೆದುಕೊಂಡವರಿಗೂ ‘ನಿಮ್ಮದೇ ತಪ್ಪು’ ಎಂದು ಹೇಳಿದಂತಾಗದೇ? ಅದು ಕ್ರೌರ್ಯವಲ್ಲವೇ? ನಿಜ. ಆದುದರಿಂದಲೇ ಈ ವಿಚಾರವನ್ನು ಪರರ ಮೇಲೆ ಪ್ರಯೋಗಿಸಬಾರದು. ಪರರ ದುಃಖದಲ್ಲಿ ದೈವದ ಹೆಸರು ಸಾಂತ್ವನ. ತನ್ನ ತಪ್ಪಿನಲ್ಲಿ ಅದೇ ಹೆಸರು ನೆಪ.

ಆದರೆ ಆ ಆಶ್ರಯಗೃಹದಲ್ಲಿ ನಾವಾಡಿದ ಮಾತು ಸಾಂತ್ವನವೋ, ನೆಪವೋ? ಹೊರನೋಟಕ್ಕೆ ತಮ್ಮನನ್ನು ಸಮಾಧಾನಪಡಿಸಿದೆವು. ವಸ್ತುತಃ, ಅವನು ‘ನಿನ್ನಿಂದಾಯಿತು’ ಎನ್ನುವುದಕ್ಕೆ ಮೊದಲೇ ದೈವವನ್ನು ಅಡ್ಡ ನಿಲ್ಲಿಸಿದೆವು. ಅವನು ಎರಡು ಸಲ ತಡೆದಿದ್ದನು. ಅಣ್ಣನ ಮಾತೆಂದು ಎರಡು ಸಲವೂ ಮಣಿದನು. ಹಿರಿತನಕ್ಕೆ ಸಲ್ಲುವ ಗೌರವದಿಂದ ನಮ್ಮ ಹೊಣೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಅಂದು ರಾತ್ರಿಯೇ ತಮ್ಮನಿಗೆ ದೂರವಾಣಿಯಲ್ಲಿ, “ತಪ್ಪು ನಮ್ಮದು, ಕ್ಷಮಿಸು” ಎಂದೆವು. ಕಿರಿಯನಿಗೆ ಹಿರಿಯನು ಹೀಗೆನ್ನುವುದು ನಮ್ಮ ಮನೆಗಳಲ್ಲಿ ರೂಢಿಯಿಲ್ಲ, ನಾಲಗೆ ತಡವರಿಸಿತು. ಅವನು ಬಹಳ ಹೊತ್ತು ಸುಮ್ಮನಿದ್ದು, “ಇರಲಿ ಬಿಡಣ್ಣ, ಮಕ್ಕಳು ಚೆನ್ನಾಗಿದ್ದಾರಲ್ಲ, ಅದು ದೈವಸಂಕಲ್ಪ” ಎಂದನು. ಆ ಮಾತನ್ನಾಡುವ ಅಧಿಕಾರ ಅವನಿಗಿತ್ತು. ದೋಣಿಯವರ ಸಂಸ್ಥೆಗೆ ಯಥಾಶಕ್ತಿ ಕಾಣಿಕೆಯನ್ನು ಅವನ ಮೂಲಕವೇ ಸಲ್ಲಿಸಿದೆವು.

ಶ್ರೀಕೃಷ್ಣಾರ್ಪಣಮಸ್ತು.